ಪಮ್ಮಕ್ಕ ಗೆದ್ದ ಊರುಗಳು

ಅರ್ಧ ಚೆನ್ನೈ ಪಮ್ಮಕ್ಕನದಾಗಿತ್ತು. ಎಗ್ಮೋರ್, ಕಾಸಿಮೇಡು, ಆಗಿನ್ನೂ ಒಂದೊಂದೇ ಗಾಜಿನ ಕಟ್ಟಡ ಏಳುತ್ತಿದ್ದ ಪೆರುಂಗುಡಿ, ಎಲ್ಲವನ್ನೂ ಸೋತು ಒಪ್ಪಿಸಿದವಳು ನಾನೇ. ಅವರು ಇದ್ದದ್ದು ಮಾತ್ರ ಎಗ್ಮೋರಿನ ನಮ್ಮ ಮನೆಯ ಮೇಲಿನ ಬಾಡಿಗೆ ಕೋಣೆಯಲ್ಲಿ, ಒಬ್ಬರೇ.

ಗದಗಿನ ಕಡೆಯವರು, ವಿಮಾ ಕಚೇರಿಯಲ್ಲಿ ಕೆಲಸ. ರಜೆ ಬಂತೆಂದರೆ ಮಕ್ಕಳಿಗಾಗಿ ಪತ್ತೇದಾರಿ ಕಾದಂಬರಿ ಬರೆಯುತ್ತ ಕೂರುವರು. ಹೆಸರು 'ಏಳು ಬೀಗದ ಬಾವಿ'. ಕಾಣೆಯಾದ ಅಜ್ಜನನ್ನು ಹುಡುಕುತ್ತ ಗೌರಿ ಎಂಬ ಹುಡುಗಿ ಪಾಳುಬಾವಿಗೆ ಇಳಿಯುತ್ತಾಳೆ. ಪ್ರತಿ ಅಧ್ಯಾಯದ ಕೊನೆಗೆ ಒಂದು ಬಾಗಿಲು, ಬಾಗಿಲಿಗೊಂದು ಒಗಟು. ಆ ಬೀದಿಯಲ್ಲಿ ಕನ್ನಡದ ಕತೆ ಕೇಳುವ ಮಗು ಎಂದರೆ ನಾನೊಬ್ಬಳೇ. ನನಗೂ ಕನ್ನಡ ಓದಲು ಬಾರದು, ಅವರೇ ಓದಿ ಹೇಳಬೇಕು.

"ಉತ್ತರ ತಮಿಳಿನ್ಯಾಗ ಹೇಳು, ನಡೀತದ. ಆದ್ರ ಉತ್ತರ ಇಲ್ಲದ ಬಾಗಲಾ ತೆಗ್ಯಾಂಗಿಲ್ಲ."

ಒಗಟುಗಳೋ, ಕಬ್ಬಿಣದ ಕಡಲೆ. ಸೋತವರು ಒಂದು ಊರು ಬಿಟ್ಟುಕೊಡಬೇಕು. ಗೆದ್ದವರು ಆ ಊರಿಗೆ ಹೋಗಿ ನಿಂತ ಮೇಲೆಯೇ ಉತ್ತರ ಹೇಳುವುದು. ಅದು ಅವರ ಅಜ್ಜಿಯ ಮನೆಯ ಪದ್ಧತಿಯಂತೆ. ಹಾಗಾಗಿ ಕಾಸಿಮೇಡನ್ನು ಸೋತಾಗ ಬೆಳಗಿನ ಮೀನು ಹರಾಜಿನ ನಡುವೆ ಹೋಗಿ ನಿಂತೆವು. ಪಮ್ಮಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ, "ಇವತ್ತಿನಿಂದ ಇದು ನಂದು" ಎಂದರು.

"ಎನ್ನಮ್ಮಾ, ಮೀನ್ ವಾಂಗಲಿಯಾ?" ಎಂದಳು ಬುಟ್ಟಿಯವಳು.

"ಊರ ತಗೊಂಡೀನಿ, ಮೀನ ಯಾಕವಾ?"

ನಾನು ತಮಿಳಿನಲ್ಲಿ ಬಿಡಿಸಿ ಹೇಳಿದೆ. ಹಾಗಾದರೆ ಇನ್ನು ಬಾಡಿಗೆ ನಿಮಗೇ ಕೊಡಬೇಕಾ ಎಂದು ಆಕೆ ಬಿದ್ದು ಬಿದ್ದು ನಕ್ಕಳು. ವಾಪಸು ಬರುವಾಗ ಬಸ್ಸಿನಲ್ಲಿ ಪಮ್ಮಕ್ಕ ತಾವು ಗೆದ್ದ ಊರುಗಳನ್ನು ಬೆರಳು ಮಡಚಿ ಎಣಿಸಿದರು. ಆಮೇಲೆ, "ಇಷ್ಟ ಊರು ಅದಾವ, ಒಂದರಾಗೂ 'ಬಂದ್ರ್ಯಾ?' ಅಂತ ಕೇಳಾವ್ರಿಲ್ಲ ನೋಡು" ಎಂದರು.

ಆರು ಬಾಗಿಲು ತೆರೆದಿದ್ದವು. ಅಷ್ಟರಲ್ಲಿ ರೈಲ್ವೆಯಲ್ಲಿದ್ದ ಅಪ್ಪನಿಗೆ ಮಧುರೈಗೆ ವರ್ಗವಾಯಿತು. ಹೊರಡುವ ವಾರ ಪಮ್ಮಕ್ಕ ಕೊನೆಯ ಒಗಟು ಕೊಟ್ಟರು.

"ಉಣ್ಣಾಕ ಕೇಳಂಗಿಲ್ಲ, ಮಲಗಾಕ ಕೇಳಂಗಿಲ್ಲ. ನಾ ಮಾತಾಡಿದ್ರ ಮಾತಾಡ್ತಾಳ, ನಾ ಸುಮ್ಮನಾದ್ರ ಸುಮ್ಮನಾಗ್ತಾಳ. ಯಾರವಾ ಆಕಿ?"

ತಲೆ ಕೆರೆದುಕೊಂಡೆ, ಹೊಳೆಯಲಿಲ್ಲ. ಹೊರಡುವ ದಿನ ಸಾಮಾನೆಲ್ಲ ಲಾರಿಗೆ ಹೋಗಿ ಮನೆ ಬರಿದಾಗಿತ್ತು. ಅಮ್ಮ ನನ್ನ ಹೆಸರು ಹಿಡಿದು ಕೂಗಿದಳು, ಗೋಡೆಗಳೂ ಕೂಗಿದವು. ಪ್ರತಿಧ್ವನಿ. ಮೇಲಿನ ಕೋಣೆಯಲ್ಲಿ ಪಮ್ಮಕ್ಕನ ಜೊತೆ ಮಾತಾಡುತ್ತಿದ್ದವಳು ಯಾರೆಂದು ಆಗ ಗೊತ್ತಾಯಿತು.

ಎಗ್ಮೋರ್ ಸ್ಟೇಷನ್ನಿಗೆ ಅವರು ಬಂದಿದ್ದರು, ಕೈಚೀಲದಲ್ಲಿ ಕೊನೆಯ ಅಧ್ಯಾಯ. ಕಿಟಕಿಯ ಸರಳು ಹಿಡಿದು, "ಉತ್ತರ ಹೇಳಿಬಿಡು. ಗಾಡಿ ಬಿಡೂದ್ರಾಗ ಓದಿ ಮುಗಸ್ತೀನಿ" ಎಂದರು.

ಗೌರಿಗೆ ಅಜ್ಜ ಸಿಕ್ಕಿದನೇ ಎಂದು ತಿಳಿಯಲು ನನ್ನ ಜೀವ ತುದಿಗಾಲಲ್ಲಿ ನಿಂತಿತ್ತು. ಆದರೆ ಓದಿ ಮುಗಿದರೆ ನಮ್ಮಿಬ್ಬರ ನಡುವೆ ಇನ್ನೇನು ಉಳಿಯುತ್ತದೆ?

"ತೆರಿಯಲೈ ಅಕ್ಕಾ, ಗೊತ್ತಿಲ್ಲ. ಸೋತೆ. ಮಧುರೈ ಕೊಡ್ತೀನಿ."

ಪಮ್ಮಕ್ಕ ನನ್ನನ್ನೇ ನೋಡಿದರು. "ಭಾಳ ಶ್ಯಾಣ್ಯಾಕಿ ಅದಿ. ಹಂಗಾರ ನಾ ಬರಬೇಕಾತು" ಎಂದು ಕಾಗದಗಳನ್ನು ಮತ್ತೆ ಚೀಲಕ್ಕೆ ಸೇರಿಸಿದರು.

ಅಮ್ಮ ಮಧುರೈಯಲ್ಲಿ ಅವರಿಗೆಂದೇ ಒಂದು ಹಾಸಿಗೆ ಮಾಡಿಸಿದಳು. ರಿಟೈರ್ ಆಗಲಿ, ಬಿಸಿಲು ಇಳಿಯಲಿ ಎಂದು ಪಮ್ಮಕ್ಕ ಫೋನಿನಲ್ಲಿ ಹೇಳುತ್ತಲೇ ಇದ್ದರು. ಬರಲಿಲ್ಲ. ಅವರು ಹೋದ ಸುದ್ದಿಯನ್ನು ಎಗ್ಮೋರಿನ ಮನೆಯ ಮಾಲೀಕರು ತಿಳಿಸಿದರು. ಆಸ್ಪತ್ರೆಯಲ್ಲಿ ಜೊತೆಗೆ ಯಾರಿದ್ದರು ಎಂದು ಅಮ್ಮ ಕೇಳಿದಳು. ಯಾರೂ ಇರಲಿಲ್ಲವಂತೆ.

ನಾನಿನ್ನೂ ಮಧುರೈಯಲ್ಲೇ ಇದ್ದೇನೆ. ನಿಮ್ಮೂರು ಯಾವುದು ಎಂದು ಯಾರಾದರೂ ಕೇಳಿದರೆ ಬಾಯಿ ತಡವರಿಸುತ್ತದೆ. ಇದು ಪಮ್ಮಕ್ಕನ ಊರು. ಅವರು ಬಂದು ನಿಲ್ಲುವುದೊಂದು ಬಾಕಿ ಇದೆ.