ಮಗ್ಗದ ಮನೆಯ ಸ್ಪೋರ್ಟ್ಸ್ ಕಾರು

ಇದು ಎರಡು ವರ್ಷದ ಹಿಂದಿನ ಮಳೆಗಾಲದ ಮಾತು. ನೆಲಮಂಗಲದಲ್ಲಿ, ತುಮಕೂರು ಹೆದ್ದಾರಿಯ ಪಕ್ಕ, ನಾನು ಗ್ಯಾರೇಜ್ ಇಟ್ಟು ಇಪ್ಪತ್ತಾರು ವರ್ಷವಾಗಿತ್ತು. ಬರುತ್ತಿದ್ದುದು ಬಹುಪಾಲು ಲಾರಿ ಕೆಲಸ: ಗೇರ್‌ಬಾಕ್ಸ್, ಕ್ಲಚ್, ಡಿಫರೆನ್ಷಿಯಲ್. ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ. ಅದನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೆಂದರೆ, ಕಣ್ಣು ಮುಚ್ಚಿಕೊಂಡು ಮಾಡೆಂದರೂ ಮಾಡಿಯೇನು. ಅದೇ ನನಗೆ ಬೇಸರವೂ ಆಗಿತ್ತು. ಹೊಸದೇನಾದರೂ ಕೈಗೆ ಸಿಕ್ಕೀತೇ ಎಂದು ರಸ್ತೆ ಕಡೆ ನೋಡುತ್ತಾ ಓಡಾಡುವ ಸ್ವಭಾವ ನನ್ನದು. ಕೂತು ಕಾಫಿ ಕುಡಿದ ನೆನಪು ಕಡಿಮೆ.

ಅಂಥ ಒಂದು ಬೆಳಗ್ಗೆ ಕೆಂಪು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಸ್ಪೋರ್ಟ್ಸ್ ಕಾರೊಂದು ಎರಡು ಸಿಮೆಂಟ್ ಲಾರಿಗಳ ನಡುವೆ ಬಂದು ನಿಂತಿತು. ಇಳಿದವರು ದೊಡ್ಡಬಳ್ಳಾಪುರದ ಲಕ್ಷ್ಮೀಪತಿ. ಐವತ್ತು ದಾಟಿದ ನೇಕಾರರು, ಮನೆಗೆ ಸೇರಿದ ಶೆಡ್ಡಿನಲ್ಲೇ ಹನ್ನೆರಡು ಪವರ್‌ಲೂಮ್, ಅಂದರೆ ವಿದ್ಯುತ್ ಮಗ್ಗ, ನಡೆಸುತ್ತಾರೆ. ಮಗ್ಗದ ಸದ್ದಿನಲ್ಲೇ ಬೆಳೆದವರಾದ್ದರಿಂದ ಮೂರಡಿ ದೂರದಲ್ಲಿದ್ದವನ ಜೊತೆಗೂ ರಸ್ತೆಯಾಚೆ ಇರುವವನ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದರು. ಮೂವತ್ತು ವರ್ಷ ನಿಂತೇ ಕೆಲಸ ಮಾಡಿದ ಮನುಷ್ಯ ತನಗೆಂದು ಆಸೆಪಟ್ಟು ತಗೊಂಡ ಒಂದೇ ವಸ್ತು ಆ ಕಾರು. ಬೆಂಗಳೂರಿನ ಯಾರೋ ಐದು ವರ್ಷ ಓಡಿಸಿ ಮಾರಿದ್ದು.

"ಮಂಜಣ್ಣ, ಇದನ್ನ ನಾಲ್ಕೂ ಚಕ್ರಕ್ಕೆ ಎಳೆಯೋ ಹಂಗೆ ಮಾಡ್ಕೊಡ್ಬೇಕು. ನೀವು ಹೂಂ ಅಂದ್ಬಿಡಿ ಸಾಕು," ಎಂದರು.

ಕಾರಣ ಕೇಳಿದೆ. ಅವರ ಮಗಳು ಹರ್ಷಿತಾಗೆ ಇಪ್ಪತ್ಮೂರು ವರ್ಷ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಬೆಳಗಿನ ಪಾಳಿಗೆ ಐದೂವರೆಗೆ ಮನೆ ಬಿಡಬೇಕು. ಆ ಹೊತ್ತಿಗೆ ಬಸ್ಸು ನಂಬುವಂತಿಲ್ಲವೆಂದು ಅಪ್ಪ ಕಾರಿನ ಕೀ ಕೊಟ್ಟಿದ್ದರು. ಮೂರು ವಾರದ ಹಿಂದೆ, ಊರು ದಾಟಿ ದೇವನಹಳ್ಳಿ ರಸ್ತೆಯ ಕೆರೆ ಏರಿ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ, ಗಾಡಿ ಗಿರಕಿ ಹೊಡೆದು, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತ್ತು. ಎದುರಿಗೆ ಯಾವ ಗಾಡಿಯೂ ಬರದಿದ್ದುದು ಪುಣ್ಯ. ಮಗಳ ಮೈಗೆ ಏನೂ ಆಗಿರಲಿಲ್ಲ. ಆದರೆ ಆ ದಿನದಿಂದ ಲಕ್ಷ್ಮೀಪತಿ ಕೀ ತಮ್ಮ ಜೇಬಿನಲ್ಲೇ ಇಟ್ಟುಕೊಂಡಿದ್ದರು.

"ಹುಡುಗೀಗೆ ಇನ್ನೂ ಕೈ ಕೂತಿಲ್ಲ. ನಾಲ್ಕು ಚಕ್ರ ಎಳೆದ್ರೆ ತಪ್ಪು ಮಾಡಿದ್ರೂ ಗಾಡಿ ಹಿಡ್ಕೊಳುತ್ತೆ ಅಂತಾರೆ. ಅದು ಆದ್ಮೇಲೆ ಕೀ ಕೊಡ್ತೀನಿ."

ಇಲ್ಲಿ ಒಂದು ಮಾತು ವಿವರಿಸಬೇಕು. ಆ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದಿನವು ಬರೀ ದಿಕ್ಕು ತಿರುಗಿಸುತ್ತವೆ. ನಾಲ್ಕಕ್ಕೂ ಶಕ್ತಿ ಹಂಚುವುದಕ್ಕೆ ಆಲ್ ವೀಲ್ ಡ್ರೈವ್ ಎನ್ನುತ್ತಾರೆ. ಅದೇ ಕಂಪನಿ ಅದೇ ಕಾರನ್ನು ಆ ರೂಪದಲ್ಲೂ ಮಾರಿತ್ತು. ಆದ್ದರಿಂದ ಅಪಘಾತವಾದ ಅಂಥದೊಂದು ಗಾಡಿ ಗುಜರಿಯಲ್ಲಿ ಸಿಕ್ಕರೆ ಅದರ ಮುಂದಿನ ಡಿಫರೆನ್ಷಿಯಲ್, ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಶಾಫ್ಟ್‌ಗಳನ್ನು ತಂದು ಕೂರಿಸಬಹುದು. ಕಷ್ಟ, ಆದರೆ ಆಗದ ಕೆಲಸವಲ್ಲ. ಕಾನೂನಿನ ತೊಡಕು ಬೇರೆ ಇದೆ. ಗಾಡಿಯ ಮೂಲ ವಿನ್ಯಾಸ ಬದಲಿಸುವುದಾದರೆ ಆರ್‌ಟಿಒ ಒಪ್ಪಿಗೆ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ. ಸಿಗದೆ ಮಾಡಿದರೆ ನಾಳೆ ಏನಾದರೂ ಆದಾಗ ವಿಮೆಯವರು ಕೈ ತೊಳೆದುಕೊಳ್ಳಬಹುದು.

ಇದನ್ನೆಲ್ಲ ಅವರಿಗೆ ಹೇಳಿದೆ. ಆದರೆ ಎಷ್ಟು ಮೆತ್ತಗೆ ಹೇಳಿದೆ ಎಂದರೆ, ಮಗ್ಗದ ಸದ್ದಿಗೆ ಕಿವಿ ಮಂದವಾದ ಆ ಮನುಷ್ಯನಿಗೆ ಅರ್ಧವೂ ಕೇಳಿಸಿರಲಿಕ್ಕಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೈ ತುರಿಸುತ್ತಿತ್ತು. ಇಪ್ಪತ್ತಾರು ವರ್ಷ ಲಾರಿ ಹೊಟ್ಟೆ ಕೆಳಗೆ ಮಲಗಿದವನಿಗೆ ಅಂಥ ಕೆಲಸ ಮತ್ತೆ ಸಿಗುತ್ತದೆಯೇ? ಗಾಡಿಯನ್ನು ಮೇಲೆತ್ತಿ ನೋಡಿದೆ. ಸಸ್ಪೆನ್ಷನ್, ಬ್ರೇಕು, ಚಕ್ರಗಳ ಜೋಡಣೆ ಎಲ್ಲ ಸರಿಯಾಗಿತ್ತು. ಟೈರುಗಳಿಗೆ ಆರೇ ತಿಂಗಳ ಪ್ರಾಯ, ಗೇಜ್ ಇಟ್ಟು ಅಳೆದರೆ ಗೀರುಗಳ ಆಳ ಹೊಸದರ ಹಾಗೇ ಇತ್ತು. ಗಾಡಿಯಲ್ಲಿ ದೋಷವಿಲ್ಲ, ಹಾಗಾದರೆ ಓಡಿಸಿದವರದೇ ತಪ್ಪು ಎಂದು ಲೆಕ್ಕ ಹಾಕಿದೆ. ಹೂಂ ಎಂದುಬಿಟ್ಟೆ. ಅದೇ ವಾರ ಬೆಂಗಳೂರಿನ ಪರಿಚಯದ ಗುಜರಿಯವನಿಂದ ಮುಂದಿನ ಡಿಫರೆನ್ಷಿಯಲ್ ತರಿಸಿ, ತೊಳೆದು, ಮೇಜಿನ ಮೇಲೆ ಇಟ್ಟುಕೊಂಡು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದೆ.

ಮುಂದಿನ ಶನಿವಾರ ಲಕ್ಷ್ಮೀಪತಿ ಅಳತೆಗೆಂದು ಕಾರು ತಂದಾಗ ಹರ್ಷಿತಾ ಜೊತೆಗಿದ್ದಳು. ಅಪ್ಪ ಫೋನಿನಲ್ಲಿ ಯಾರೊಂದಿಗೋ ಕೂಗಾಡುತ್ತಿದ್ದಾಗ ಅವಳು ನನ್ನ ಹತ್ತಿರ ಬಂದಳು.

"ಅಂಕಲ್, ಒಂದು ಕೇಳ್ಲಾ? ಅದು ಬೆಳಗ್ಗೆ ಹೋಗ್ಬೇಕಾದ್ರೆ ಮಾತ್ರ ಜಾರೋದು. ಸುತ್ತಿದ್ದು ಒಂದೇ ಸಲ, ಆದ್ರೆ ಅದಕ್ಕೂ ಮುಂಚೆ ಮೂರ್ನಾಲ್ಕು ಸಲ ಹಿಂದ್ಗಡೆ ಅಲ್ಲಾಡಿತ್ತು. ಎಲ್ಲಾ ಬೆಳಗ್ಗೇನೆ. ವಾಪಸ್ ಬರ್ಬೇಕಾದ್ರೆ ಒಂದು ದಿನಾನೂ ಆಗಿಲ್ಲ."

"ಬೆಳಗ್ಗೆ ರಸ್ತೆ ಒದ್ದೆ ಇರುತ್ತಮ್ಮ. ನಿಂಗೂ ನಿದ್ದೆಗಣ್ಣು," ಎಂದು ನಕ್ಕೆ.

ಅವಳ ಮುಖ ಸಣ್ಣದಾಯಿತು. "ಅಪ್ಪಾನೂ ಅದೇ ಅಂತಾರೆ," ಎಂದು ಹೋಗಿ ಕಾರಿನ ಎಡಗಡೆ ಸೀಟಿನಲ್ಲಿ ಕೂತಳು.

ಅವರು ಹೋದ ಮೇಲೆ ನನಗೆ ಕಾಲು ನಿಲ್ಲಲಿಲ್ಲ. ಹುಡುಗಿ ತಲೆಗೆ ಹುಳ ಬಿಟ್ಟು ಹೋಗಿದ್ದಳು. ರಸ್ತೆ ಒದ್ದೆಯೇ ಕಾರಣವಾದರೆ ಮಧ್ಯಾಹ್ನ ಮಳೆ ಬಂದ ದಿನ ಯಾಕೆ ಜಾರಲಿಲ್ಲ? ಕೈ ಕೂರದ ಡ್ರೈವರ್ ಹೋಗುವಾಗ ಮಾತ್ರ ಕೆಟ್ಟದಾಗಿ ಓಡಿಸಿ, ದಣಿದು ಬರುವಾಗ ಚೆನ್ನಾಗಿ ಓಡಿಸುತ್ತಾಳೆಯೇ? ಎರಡು ದಿನ ಲಾರಿ ಕೆಳಗೆ ಮಲಗಿದ್ದರೂ ಮನಸ್ಸು ಆ ಕೆರೆ ಏರಿಯ ಮೇಲೇ ಇತ್ತು. ಕೈಲಿದ್ದ ಸ್ಪ್ಯಾನರ್ ಎಲ್ಲೋ ಇಟ್ಟು ಇನ್ನೆಲ್ಲೋ ಹುಡುಕುತ್ತಿದ್ದೆ. ಮೇಜಿನ ಮೇಲಿದ್ದ ಡಿಫರೆನ್ಷಿಯಲ್ ನೋಡಿದರೆ ಸಿಟ್ಟು ಬರತೊಡಗಿತು. ಮೂರನೇ ದಿನ ಬೆಳಗ್ಗೆ ಯಾರಿಗೂ ಹೇಳದೆ ಬೈಕ್ ಹತ್ತಿ, ನಡುವಿನ ಮಧುರೆ ಹೋಬಳಿ ದಾಟಿ ದೊಡ್ಡಬಳ್ಳಾಪುರಕ್ಕೆ ಹೊರಟೆ. ಕಾರು ರಸ್ತೆಯಲ್ಲಿರುವುದನ್ನು ನೋಡಿದ್ದೆ, ಗ್ಯಾರೇಜಿನಲ್ಲಿ ನೋಡಿದ್ದೆ. ಮನೆಯಲ್ಲಿ ಹೇಗೆ ನಿಂತಿರುತ್ತದೆ ಎಂದು ನೋಡಿರಲಿಲ್ಲ.

ಲಕ್ಷ್ಮೀಪತಿಯವರ ಬೀದಿ ಕಿರಿದು. ಕಾರಿಗೆ ಬೇರೆ ಜಾಗವಿಲ್ಲದೆ, ಅವರು ದಿನಾ ಅದನ್ನು ಹಿಂದಕ್ಕೆ ತಗೊಂಡು ಮಗ್ಗದ ಶೆಡ್ಡಿನ ಬಾಗಿಲೊಳಗೆ ಅರ್ಧ ತೂರಿಸಿ ನಿಲ್ಲಿಸುತ್ತಿದ್ದರು. ಮುಂದಿನ ಚಕ್ರಗಳು ಹೊರಗೆ, ಚಪ್ಪಡಿ ಕಲ್ಲಿನ ಮೇಲೆ. ಹಿಂದಿನವು ಒಳಗೆ. ಒಳಗಿನ ಆ ಎರಡು ಚಕ್ರಗಳ ಅಡಿಯಲ್ಲಿ ಬೆಳ್ಳಗಿನ ವೇಸ್ಟ್ ನೂಲಿನ ಮೆತ್ತನೆ ಹಾಸಿಗೆ ಇತ್ತು.

"ನೆಲದ ತಂಪು ತಾಕಿ ಟೈರ್ ಹಾಳಾಗ್ಬಾರ್ದಲ್ಲ, ಅದಕ್ಕೆ ಹಾಕಿದ್ದು," ಎಂದರು ಲಕ್ಷ್ಮೀಪತಿ, ಹೆಮ್ಮೆಯಿಂದ. "ನಾವು ಬೀಮ್ ಇಡೋದೂ ಹಿಂಗೇ."

ಬೀಮ್ ಎಂದರೆ ಹಾಸು ನೂಲು ಸುತ್ತಿದ ದೊಡ್ಡ ಉರುಳೆ. ಅದನ್ನು ಬರೀ ನೆಲಕ್ಕೆ ಇಳಿಸದೆ ನೂಲಿನ ಮೇಲೆ ಇಳಿಸುವುದು ಆ ಮನೆಯ ರೂಢಿ. ಬೆಲೆಬಾಳುವ ವಸ್ತು ಯಾವುದಿದ್ದರೂ ಅವರು ಹಾಗೇ ಇಡುತ್ತಾರೆ.

ನಾನು ಮಂಡಿಯೂರಿ ನೂಲಿನ ಒಂದು ಪದರ ಎತ್ತಿದೆ. ಮೇಲೆ ಬೆಳ್ಳಗಿದ್ದದ್ದು ಕೆಳಗೆ ಕರ್ರಗೆ, ಹಿಂಡಿದರೆ ತೊಟ್ಟಿಕ್ಕುವಂತಿತ್ತು. ಪ್ರತಿ ಬೆಳಗ್ಗೆ ಹನ್ನೆರಡು ಮಗ್ಗಕ್ಕೂ ಎಣ್ಣೆ ಬಿಡುತ್ತಾರೆ. ಹೆಚ್ಚಾದದ್ದು ನೆಲಕ್ಕೆ ಇಳಿದು, ಇಳಿಜಾರಿನ ಈ ಮೂಲೆಗೇ ಹರಿದು ಬರುತ್ತಿತ್ತು. ನೂಲು ಅದನ್ನು ದೀಪದ ಬತ್ತಿಯ ಹಾಗೆ ಹೀರಿ ಟೈರಿಗೆ ಕುಡಿಸುತ್ತಿತ್ತು. ಕಾರನ್ನು ಎರಡಡಿ ಮುಂದೆ ತಳ್ಳಿಸಿ ಟೈರಿನ ಮೇಲೆ ಬೆರಳು ಒತ್ತಿದೆ. ರಬ್ಬರು ಮೆತ್ತಗಾಗಿತ್ತು, ಬೆರಳಿಗೆ ಎಣ್ಣೆ ಹತ್ತಿತು. ನನ್ನ ಗ್ಯಾರೇಜಿಗೆ ಬರುವಷ್ಟರಲ್ಲಿ ರಸ್ತೆಯೇ ಅದನ್ನು ಒರೆಸಿ ಕಳಿಸುತ್ತಿತ್ತು. ಮಗಳು ಕೆರೆ ಏರಿ ತಲುಪುವಾಗ ಇನ್ನೂ ಒರೆಸಿರುತ್ತಿರಲಿಲ್ಲ.

ಬೆರಳನ್ನು ಲಕ್ಷ್ಮೀಪತಿಯವರ ಮೂಗಿನ ಬಳಿ ಹಿಡಿದೆ. ಆ ವಾಸನೆಯನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರು ಒಳಗೆ ಹೋಗಿ ಮೇನ್ ಸ್ವಿಚ್ ಇಳಿಸಿದರು. ಹನ್ನೆರಡೂ ಮಗ್ಗ ನಿಂತವು. ಸದ್ದು ನಿಂತಿದ್ದಕ್ಕೆ, ಅಂದು ವಾರದ ರಜೆಯಲ್ಲಿದ್ದ ಹರ್ಷಿತಾ ಮನೆಯೊಳಗಿಂದ ಓಡಿ ಬಂದಳು.

"ನಿನ್ನ ತಪ್ಪಲ್ಲ ಕಣಮ್ಮ," ಎಂದರು ಅವರು. ನಾನು ಕಂಡಂತೆ ಅವರು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. "ನಾನೇ ಹಾಸಿದ್ದು."

ಹುಡುಗಿ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಆ ನೂಲನ್ನೆಲ್ಲ ಬಾಚಿ ಹೊರಗೆ ಹಾಕಿದಳು. ನನಗೆ ನಾಚಿಕೆಯಾಯಿತು. ಅವಳು ಇದ್ದದ್ದು ಇದ್ದ ಹಾಗೆ ಹೇಳಿದ್ದಳು, ನಾನು ನಿದ್ದೆಗಣ್ಣು ಎಂದು ನಕ್ಕಿದ್ದೆ. ಆ ಡಿಫರೆನ್ಷಿಯಲ್ ಕೂರಿಸಿಬಿಟ್ಟಿದ್ದರೆ ಏನಾಗುತ್ತಿತ್ತು? ಗಾಡಿ ಹೊರಡುವಾಗ ಗಟ್ಟಿಯಾಗಿ ಎಳೆಯುತ್ತಿತ್ತು, ಅಪ್ಪನಿಗೆ ಧೈರ್ಯ ಬಂದು ಕೀ ಕೊಡುತ್ತಿದ್ದರು. ಆದರೆ ತಿರುವಿನಲ್ಲಿ, ಬ್ರೇಕ್ ಒತ್ತಿದಾಗ, ಎಷ್ಟು ಚಕ್ರ ಎಳೆದರೂ ನೆಲ ಹಿಡಿಯುವುದು ಟೈರೇ. ಎಣ್ಣೆ ಕುಡಿದ ಅದೇ ಟೈರಿನ ಮೇಲೆ ಅವಳು ಇನ್ನಷ್ಟು ವೇಗವಾಗಿ ಆ ಏರಿಗೆ ಹೋಗುತ್ತಿದ್ದಳು.

ಹಿಂದಿನ ಎರಡೂ ಟೈರು ತೆಗೆಸಿ ಹೊಸವನ್ನು ಹಾಕಿಸಿದೆ. ನಾಲ್ಕೂ ಒಂದೇ ಥರ ನೆಲ ಹಿಡಿಯಲೆಂದು ಮುಂದಿನವನ್ನೂ ಬದಲಿಸಿದೆ. ಕಾರಿಗೆ ಮೂರನೇ ಬೀದಿಯ ನೆಂಟರ ಅಂಗಳದಲ್ಲಿ ಜಾಗವಾಯಿತು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಲಕ್ಷ್ಮೀಪತಿ ಹಟ ಬಿಡಲಿಲ್ಲ.

"ಆದ್ರೂ ಹಾಕ್ಬಿಡಿ ಮಂಜಣ್ಣ. ಇರ್ಲಿ. ನನ್ ಮನಸ್ಸಿಗೆ ಸಮಾಧಾನ."

ಆಗ ನನಗೊಂದು ವಿಷಯ ಹೊಳೆಯಿತು. ನಮ್ಮ ಕಸುಬಿನವರು ಯಾವಾಗಲೂ "ಹಾಕೋಣ" ಎನ್ನುವುದೇಕೆಂದರೆ, ಹಾಕಿದ ಮೇಲೂ ಕೆಟ್ಟದ್ದಾದರೆ ಹಾಕಿದ ಸಾಮಾನನ್ನು ಬೈಯಬಹುದು. ಬೇಡ ಎಂದ ಮೇಲೆ ಕೆಟ್ಟದ್ದಾದರೆ ಬೈಯಲು ನಾನೊಬ್ಬನೇ ಉಳಿಯುತ್ತೇನೆ. ಹೂಂ ಎಂದರೆ ಅವರಿಗೂ ಸಮಾಧಾನ, ನನಗೂ ಇಷ್ಟದ ಕೆಲಸ. ಒಂದು ವಾರ ಒದ್ದಾಡಿದೆ. ಅವರ ಫೋನ್ ಬಂದರೆ ಎತ್ತದೆ ತಪ್ಪಿಸಿಕೊಂಡೆ. ಕೊನೆಗೆ ಡಿಫರೆನ್ಷಿಯಲನ್ನು ಗುಜರಿಯವನಿಗೆ ವಾಪಸ್ ಕಳಿಸಿ ಆಮೇಲೆ ಫೋನ್ ಮಾಡಿದೆ, ಇಲ್ಲದಿದ್ದರೆ ಮನಸ್ಸು ಬದಲಾಗುತ್ತದೆಂಬ ಭಯಕ್ಕೆ.

"ಬೇಡ. ಅದು ಬೇಕಾಗಿಲ್ಲ. ಹರ್ಷಿತಾಗೆ ಕೀ ಕೊಡಿ."

ಅತ್ತ ಕಡೆಯಿಂದ ಲಕ್ಷ್ಮೀಪತಿ ಮಗ್ಗದ ಸದ್ದಿನ ಮೇಲೆ ದನಿ ಎತ್ತಿ, "ನಿಮ್ ಮಗಳಾಗಿದ್ರೆ ಕೊಡ್ತಿದ್ರಾ?" ಎಂದರು.

"ನಾಳೆ ಬೆಳಗ್ಗೆ ಅವಳ ಪಕ್ಕ ನಾನೇ ಕೂತ್ಕೋತೀನಿ," ಎಂದೆ. ಮರುದಿನ ಬೆಳಗ್ಗೆ ಐದೂವರೆಗೆ, ಜಿಟಿಜಿಟಿ ಮಳೆಯಲ್ಲಿ, ಆ ಕಾರಿನ ಎಡಗಡೆ ಸೀಟಿನಲ್ಲಿ ನಾನು ಕೂತಿದ್ದೆ. ಹರ್ಷಿತಾ ಓಡಿಸುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಗಾಡಿಗಳಿಗೆ "ಏನೂ ಆಗಲ್ಲ, ತಗೊಂಡ್ಹೋಗಿ" ಎಂದು ಹೇಳಿ ಬೆನ್ನು ತಿರುಗಿಸಿದವನು ನಾನು. ಆ ಮಾತಿನೊಳಗೆ ಕೂತು ಹೋಗಿದ್ದು ಅಂದೇ ಮೊದಲು. ಏರಿ ಹತ್ತಿರವಾದಂತೆ ಇಲ್ಲದ ಬ್ರೇಕನ್ನು ನನ್ನ ಕಾಲು ಒತ್ತುತ್ತಿತ್ತು. ತಿರುವಿಗೆ ಮುಂಚೆ ಅವಳು ವೇಗ ಇಳಿಸಿದಳು, ಗೇರ್ ಬದಲಿಸಿದಳು, ಸ್ಟೀರಿಂಗ್ ತಿರುಗಿಸಿದಳು. ಕಾರಿನ ಹಿಂಭಾಗ ಮುಂಭಾಗದ ಹಿಂದೆಯೇ ಬಂತು.

ಏರಿ ದಾಟಿ ಅವಳು ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. "ಅಂಕಲ್, ಇನ್ನೊಂದ್ಸಲ ಹೋಗೋಣ್ವಾ?"

ಸೀಟ್ ಬೆಲ್ಟ್ ಇನ್ನಷ್ಟು ಬಿಗಿ ಮಾಡಿಕೊಂಡೆ. "ಹೋಗೋಣಮ್ಮ," ಎಂದೆ.

ಅಂದಿನಿಂದ ನನ್ನ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಗಿರಾಕಿ ಇಂಥದ್ದು ಹಾಕಿ ಎಂದರೆ, ಗಾಡಿ ದಿನಾ ಎಲ್ಲಿ ನಿಲ್ಲುತ್ತದೆ, ಯಾರು ಓಡಿಸುತ್ತಾರೆ ಎಂದು ಮೊದಲು ಕೇಳುತ್ತೇನೆ. ಓಡಿಸುವವರು ಏನು ಹೇಳಿದರೂ ನಗುವುದಿಲ್ಲ. ಬೇಡ ಎಂದು ನಾನು ಹೇಳಿದ ಗಾಡಿಯಲ್ಲಿ ಅವರ ಪಕ್ಕ ಕೂತು ಒಂದು ಸುತ್ತು ಹೋಗಿ ಬರುತ್ತೇನೆ. ಇದರಿಂದ ನೆಮ್ಮದಿ ಸಿಗುತ್ತದೆಂದು ಯಾರೂ ತಿಳಿಯಬಾರದು. ಹರ್ಷಿತಾ ಇಂದಿಗೂ ಅದೇ ಕಾರಿನಲ್ಲಿ ಪಾಳಿಗೆ ಹೋಗುತ್ತಾಳೆ. ಮಳೆ ಬಿದ್ದ ಬೆಳಗ್ಗೆ ಐದೂವರೆಯಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಆರು ಗಂಟೆ ದಾಟಿ, ಅವಳು ಏರಿ ದಾಟಿರುತ್ತಾಳೆ ಎಂದಾದ ಮೇಲೇ ಶಟರ್ ಎತ್ತುತ್ತೇನೆ.