ಮೂವರೂ ಸರಿ, ಮಗುವಿನ ಗತಿ?

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಲಾವಿ ಸರೋವರದ ದಡದ ಆಸ್ಪತ್ರೆಯ ಹಿಂದೆ, ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ಚಪ್ಪರದಲ್ಲಿ ಒಲೆಗಳು ಆಗಲೇ ಹೊತ್ತಿವೆ. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಮೂವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನೆಲದ ಮೇಲೆ ಕೂತಿದ್ದಾರೆ: ಡಾಕ್ಟರಿಕೆ ಓದುವ ವೊಂಗಾನಿ, ನರ್ಸಿಂಗಿನ ತದಾಲಾ, ಔಷಧಶಾಸ್ತ್ರದ ಲಿಂಬಿಕಾನಿ. ಕೂರಿಸಿದವರು ಹಿರಿಯ ನರ್ಸ್ ಎಥೆಲ್ ಮ್ಕ್ವಾಂಡಾ. ಎಲ್ಲರ ಬಾಯಲ್ಲೂ ಅಮಾಯಿ, ಅಂದರೆ ಅಮ್ಮ.

"ವಾರ್ಡಲ್ಲಿ ಕುರ್ಚಿ ಇಲ್ವಾ ಅಮಾಯಿ?" ವೊಂಗಾನಿ ಗೊಣಗುತ್ತಾನೆ.

"ಇದೆ. ಕುರ್ಚೀಲಿ ಕೂತ್ರೆ ನೀನು ದೊಡ್ಡ ಡಾಕ್ಟ್ರಾಗ್ಬಿಡ್ತೀಯ. ಇಲ್ಲೇ ಕೂರು."

ಬೇರೆ ಬೇರೆ ವೃತ್ತಿಯವರು ಕೂಡಿ ಕೆಲಸ ಮಾಡುವುದನ್ನು ಕಲಿಸುವುದೇ ಅವರ ಪಾಠ. ಅಲ್ಲಿ ಯಾರೂ ತಮ್ಮ ಕೆಲಸದ ಬಗ್ಗೆ ಮಾತಾಡುವಂತಿಲ್ಲ, ಪಕ್ಕದವರ ಚಿಂತೆ ಏನೆಂದು ಹೇಳಬೇಕು. ಪರೀಕ್ಷೆಯಿಲ್ಲ, ಅಂಕವಿಲ್ಲ. ಕಾಲೇಜಿನವರು ಇದನ್ನು 'ಒಲೆ ಮುಂದಿನ ಹರಟೆ' ಎಂದು ನಗುತ್ತಾರೆ. ಎಷ್ಟೋ ವಿದ್ಯಾರ್ಥಿಗಳು ಚಕ್ಕರ್ ಹೊಡೆಯುತ್ತಾರೆ. ಅಮಾಯಿಗೆ ಬೇಸರವಾಗುವುದಿಲ್ಲವೇ? ಆಗುತ್ತದೆ. ಆದರೂ ಬಿಟ್ಟವರಲ್ಲ.

ಇಂದಿನ ಮಾತು ಪುಟ್ಟ ಹುಡುಗಿ ತಿಯಾಮಿಕೆಯದು. ಸಕ್ಕರೆ ಕಾಯಿಲೆ. ಹೋದ ಸಲ ನಗುನಗುತ್ತ ಮನೆಗೆ ಹೋದವಳನ್ನು ಅಜ್ಜಿ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಹೊತ್ತು ತಂದಿದ್ದಳು. ಇವತ್ತು ಮತ್ತೆ ಮನೆಗೆ ಕಳಿಸುವ ದಿನ.

"ವೊಂಗಾನಿ, ನರ್ಸಿನ ಚಿಂತೆ ಏನು?"

"ನಂಗೇನ್ ಗೊತ್ತು?"

"ಗೊತ್ತಿಲ್ದಿದ್ರೆ ಕೇಳು. ಬಾಯಿಲ್ವಾ?"

ಕೇಳಿದಾಗ ತದಾಲಾ ತಲೆ ತಗ್ಗಿಸುತ್ತಾಳೆ. "ಮನೇಲಿ ಎಷ್ಟೋ ದಿನ ರಾತ್ರಿ ಒಲೆ ಹಚ್ಚಲ್ವಂತೆ. ಆದ್ರೂ ಸಂಜೆ ಇನ್ಸುಲಿನ್ ಚುಚ್ತಾರೆ. ಖಾಲಿ ಹೊಟ್ಟೇಲಿ ಚುಚ್ಚಿದ್ರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುತ್ತೆ. ಡಾಕ್ಟ್ರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಅಂಥದ್ದೇನಾದ್ರೂ ಇದ್ರೆ ನೀನೇ ಹೇಳ್ತೀಯ ಅಂದ್ಕೊಂಡೆ ನಾನು," ಎನ್ನುತ್ತಾನೆ ವೊಂಗಾನಿ.

"ಊಟಕ್ಕೆ ಮುಂಚೆ ಅಂತ ಚೀಟೀಲಿ ಬರೆದಿದ್ನಲ್ಲ!" ಲಿಂಬಿಕಾನಿ ಹೇಳುತ್ತಾನೆ. ಆದರೆ ಅಜ್ಜಿಗೆ ಓದು ಬಾರದು.

ಅಮಾಯಿ ದನಿ ಎತ್ತುವುದಿಲ್ಲ. "ಮೂವರೂ ಸರಿ ಕಣ್ರಪ್ಪಾ. ಸಾಯೋದು ಮಾತ್ರ ಮಗು."

ವೊಂಗಾನಿ ಎದ್ದು, ಚಪ್ಪರದ ಆಚೆ ಮೂಲೆಯ ಒಲೆಯಲ್ಲಿ ಗಂಜಿ ತಿರುವುತ್ತಿದ್ದ ತಿಯಾಮಿಕೆಯ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಇಲ್ಲಿ ಹಿರಿಯರನ್ನು ಮಾತಾಡಿಸುವ ರೀತಿಯೇ ಅದು, ವಾರ್ಡಿನಲ್ಲಿ ಬಿಳಿ ಕೋಟು ಹಾಕಿಕೊಂಡವನಿಗೆ ಮರೆತುಹೋಗಿತ್ತು.

"ಅಜ್ಜಿ, ರಾತ್ರಿ ಊಟ ಇಲ್ದಿದ್ದಾಗ್ಲೂ ಚುಚ್ತೀರಾ?"

"ಹೂಂ ಮಗನೇ. ತಪ್ಪಿಸ್ಬೇಡಿ ಅಂದ್ರಲ್ಲ, ತಪ್ಪಿಸ್ಲಿಲ್ಲ. ಊಟ ಇದ್ಯಾ ಅಂತ ಯಾರೂ ಕೇಳ್ಲಿಲ್ಲ."

ಅಯ್ಯೋ, ಆ ಮುದುಕಿಯ ಮಾತಿನಲ್ಲಿ ಸಿಟ್ಟೂ ಇಲ್ಲ.

ಹುಡುಗಿ ಇವತ್ತು ಮನೆಗೆ ಹೋಗುವುದಿಲ್ಲ. ದೊಡ್ಡ ಡಾಕ್ಟರನ್ನು ಕೇಳಿ ಔಷಧದ ಅಳತೆ, ಹೊತ್ತು ಬದಲಿಸಬೇಕು. ಮನೆಗೆ ಕಾಳು ಕೊಡಿಸುವ ದಾರಿ ಹುಡುಕಬೇಕು. ಮೂವರೂ ಒಟ್ಟಿಗೇ ಮಾತಾಡುತ್ತ ವಾರ್ಡಿನ ಕಡೆ ನಡೆಯುತ್ತಾರೆ, ಅಮಾಯಿಯನ್ನು ಕರೆಯುವುದನ್ನೂ ಮರೆತು.

ಅಮಾಯಿಗೆ ಅದೇ ಖುಷಿ. ನಿಮ್ಮ ಆಸೆ ಏನು ಎಂದು ಯಾರಾದರೂ ಕೇಳಿದರೆ ಸೀರಿಯಸ್ಸಾಗಿಯೇ ಹೇಳುತ್ತಾರೆ:

"ಆ ಮಗು ನನ್ನ ವಾರ್ಡಿಗೆ ಮತ್ತೆ ಬರ್ಬಾರ್ದು. ದೊಡ್ಡೋಳಾಗಿ ಮೀನು ಮಾರೋಕೆ ಬರ್ಲಿ. ಜಗಳ ಆಡಿ, ಚೌಕಾಸಿ ಮಾಡಿ ತಗೋತೀನಿ."