ಹಚ್ಚಿ ತೋರಿಸಿದ ಸ್ಟೌ

ಅವರ ಮುಖದಲ್ಲಿ ಹುಬ್ಬುಗಳೇ ಇರಲಿಲ್ಲ. ಎಡಗಿವಿ ಅರ್ಧ ಕರಗಿ ಕೆನ್ನೆಗೆ ಅಂಟಿಕೊಂಡಿತ್ತು. ಬೆಂಗಳೂರಿನಲ್ಲಿ ಬೆಂಕಿ ಆರಿಸುವ ಕೆಲಸದಲ್ಲಿದ್ದಾಗ ಯಾವುದೋ ಗೋದಾಮಿನ ಬೆಂಕಿ ಅವನ್ನು ತಿಂದುಹಾಕಿತ್ತಂತೆ. ಆ ಕೆಲಸ ಬಿಟ್ಟು ಬಂದವರು ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಎದುರು ತಗಡಿನ ಅಂಗಡಿ ಹಾಕಿಕೊಂಡು ಪಂಪ್ ಸ್ಟೌ ರಿಪೇರಿ ಮಾಡುತ್ತಿದ್ದರು. ನಮಗೆಲ್ಲ ಅವರು ಸ್ಟೌ ರಿಪೇರಿಯವರು, ಅಷ್ಟೇ. ಅಂಗಡಿಯ ಬಾಗಿಲಲ್ಲಿ ಒಂದು ಬಕೆಟ್ ಮರಳು, ಒಂದು ಒದ್ದೆ ಗೋಣಿಚೀಲ ಯಾವಾಗಲೂ ಇರುತ್ತಿದ್ದವು.

ಅಂಥ ಇನ್ನೊಬ್ಬ ಮುಂಗೋಪಿಯನ್ನು ನಾನು ಕಂಡಿಲ್ಲ. ಮಾವಿನ ಕಾಲದಲ್ಲಿ ಮಂಡಿಯ ಆಳುಗಳು ಬುಟ್ಟಿಗೆ ತುಂಬುವ ಒಣಹುಲ್ಲನ್ನು ಅಂಗಡಿ ಪಕ್ಕ ರಾಶಿ ಹಾಕಿ, ಅದರ ಮೇಲೇ ಕೂತು ಬೀಡಿ ಸೇದುತ್ತಿದ್ದರು. ಇವರು ಹೋಗಿ ಒಂದು ಕಪಾಳಕ್ಕೆ ಬಿಟ್ಟರೆ ಬೀಡಿ ಆಚೆ ಬೀದಿಗೆ ಹಾರುತ್ತಿತ್ತು. "ಏಮಿರಾ, ಬುದ್ಧಿ ಲೇದಾ? ಸಾಯೋದಾದ್ರೆ ಒಬ್ನೇ ಸಾಯಿ, ಬಸ್‌ಸ್ಟ್ಯಾಂಡೆಲ್ಲ ಯಾಕ್ಲಾ ಸುಡ್ತೀಯಾ?"

ಒಮ್ಮೆ ಒಬ್ಬ ಹೆಂಗಸು ಸೋರುವ ಟ್ಯಾಂಕಿಗೆ ಬಟ್ಟೆ ಸೋಪು ಮೆತ್ತಿಕೊಂಡು ಬಂದಿದ್ದಳು. ಆಗ ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು. ಇವರು ಮಾತೇ ಆಡದೆ ಸುತ್ತಿಗೆ ತೆಗೆದುಕೊಂಡು ಆ ಸ್ಟೌವನ್ನು ಜಜ್ಜಿ ಚಪ್ಪಟೆ ಮಾಡಿ ಅವಳ ಕೈಗಿಟ್ಟರು. ಗಂಡ ಓಡಿಬಂದು ಇವರ ಕೊರಳಪಟ್ಟಿ ಹಿಡಿದ. ರಸ್ತೆಯಲ್ಲೇ ಹೊಡೆದಾಟವಾಯಿತು. ಮೂಗಿನಿಂದ ರಕ್ತ ಸುರಿಸಿಕೊಂಡೇ ಇವರು ಆ ಹೆಂಗಸಿಗೆ, "ನೈಲಾನ್ ಸೀರೆ ಉಟ್ಕೊಂಡು ಸ್ಟೌ ಹತ್ರ ಹೋಗ್ಬೇಡಮ್ಮ, ಉರೀತಿರುವಾಗ ಎಣ್ಣೆ ಹುಯ್ಬೇಡ," ಎಂದು ಬುದ್ಧಿ ಹೇಳಿದರು. ಸ್ಟೌ ಸರಿಯಿಲ್ಲ ಎಂದು ಯಾರೇ ದೂರು ತಂದರೂ ಅವರದು ಒಂದೇ ಮಾತು: "ಬಾಯಲ್ಲಿ ಹೇಳ್ಬೇಡ, ಹಚ್ಚಿ ತೋರ್ಸು."

ಅಕ್ಕನನ್ನು ಮುಳಬಾಗಿಲಿಗೆ ಮದುವೆ ಮಾಡಿಕೊಟ್ಟಾಗ ಅಪ್ಪ ಒಂದು ಹಿತ್ತಾಳೆ ಸ್ಟೌ ಕೊಟ್ಟಿದ್ದರು. ಬಾಣಂತನ ಮುಗಿಸಿ ವಾಪಸು ಹೋಗುವ ಮುಂಚೆ ಅಕ್ಕ ಅದನ್ನು ತರಿಸಿ ಇವರ ಹತ್ತಿರವೇ ರಿಪೇರಿ ಮಾಡಿಸಿದ್ದಳು. ವಾಷರು, ಬರ್ನರು ಬದಲಿಸಿ, ತಳದಲ್ಲಿ ತಮ್ಮ ಗುರುತಿನ ಮೂರು ಚುಕ್ಕೆ ಕುಟ್ಟಿ ಕೊಟ್ಟಿದ್ದರು. ಅವಳು ಕೂಸನ್ನೆತ್ತಿಕೊಂಡು ಹೋದ ಎರಡನೇ ತಿಂಗಳಿಗೆ ಸುಟ್ಟು ಸತ್ತಳು. ಸ್ಟೌ ಸಿಡಿಯಿತು ಎಂದರು ಗಂಡನ ಮನೆಯವರು. ಅಪ್ಪ ಆಸ್ಪತ್ರೆಯಲ್ಲಿ, ಗುರುತೇ ಸಿಗದ ಮಗಳ ಪಕ್ಕ ನಿಂತು, ಅವಘಡವೆಂದು ಬರೆದುಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿದರು. ಅಕ್ಕನ ಅತ್ತೆ ಮಸಿ ಹಿಡಿದ ಸ್ಟೌವನ್ನು ಅಪ್ಪನ ಕಾಲ ಬಳಿ ಎಸೆದು, "ನಿಮ್ಮ ಸ್ಟೌ ನೀವೇ ಇಟ್ಕೊಳ್ರಪ್ಪ, ನಮ್ಮ ಸೊಸೇನ ನುಂಗಾಕ್ಬಿಡ್ತು," ಎಂದು ಎದೆ ಬಡಿದುಕೊಂಡಳು.

ಮೂರನೇ ದಿನ ಅಪ್ಪ ಆ ಸ್ಟೌ ಹಿಡಿದುಕೊಂಡು ಅಂಗಡಿಗೆ ಹೋದರು. ಹಿಂದೆಯೇ ಓಡಿದ ನಾನು ತಲುಪುವಷ್ಟರಲ್ಲಿ ಅಪ್ಪ ಬಾಗಿಲಲ್ಲಿದ್ದ ಮರಳಿನ ಬಕೆಟ್ ಎತ್ತಿ ಸ್ಟೌ ರಿಪೇರಿಯವರ ತಲೆಗೆ ಬಾರಿಸಿದ್ದರು. "ನನ್ನ ಮಗಳನ್ನ ಕೊಂದ್ಬಿಟ್ಯಲ್ಲೋ!" ಇನ್ನೊಂದು ಏಟು. ಊರೆಲ್ಲ ಹೊಡೆದಾಡುವ ಮನುಷ್ಯ ಅವತ್ತು ಕೈ ಎತ್ತಲಿಲ್ಲ. ಒದ್ದೆ ಗೋಣಿಯಿಂದ ರಕ್ತ ಒರೆಸಿಕೊಂಡು, ಸ್ಟೌ ತಿರುವಿ ಮೂರು ಚುಕ್ಕೆ ನೋಡಿದರು. ಟ್ಯಾಂಕಿನ ಬೆಸುಗೆಯ ಮೇಲೆ ಬೆರಳಾಡಿಸಿದರು. ಎಣ್ಣೆ ಹುಯ್ದರು, ಪಂಪ್ ಹೊಡೆದರು, ಕಡ್ಡಿ ಗೀರಿದರು. ಮೊದಲು ಹಳದಿಯಾಗಿ ಎದ್ದ ಜ್ವಾಲೆ ಆಮೇಲೆ ನೀಲಿಯಾಗಿ ಸದ್ದು ಮಾಡುತ್ತ ಉರಿಯತೊಡಗಿತು.

"ಸಿಡಿದಿದ್ರೆ ಟ್ಯಾಂಕು ಬಾಯಿ ಬಿಟ್ಟಿರ್ತಿತ್ತು ಕಣ್ರೀ," ಎಂದರು. "ಇದು ಸಿಡಿದಿಲ್ಲ. ಹುಡ್ಗಿ ಮೇಲೆ ಎಣ್ಣೆ ಹುಯ್ದವ್ರೆ."

ಅಪ್ಪ ಚೆಲ್ಲಿದ ಮರಳಿನ ಮೇಲೇ ಕೂತುಬಿಟ್ಟರು. ಆದರೂ ಬಾಯಿ ತೆರೆಯುವ ಧೈರ್ಯ ಬರಲಿಲ್ಲ. ಸಹಿ ಹಾಕಿಯಾಗಿತ್ತು, ಕೂಸು ಅಕ್ಕನ ಗಂಡನ ಮನೆಯವರ ಕೈಯಲ್ಲಿತ್ತು. ಅಷ್ಟರಲ್ಲಿ ಎರಡೂ ಕಡೆಯ ಹಿರಿಯರು ಇನ್ನೊಂದು ಮಾತು ಎತ್ತಿದ್ದರು. ಕೂಸಿಗೆ ತಾಯಿ ಬೇಕು, ತಂಗಿಯನ್ನೇ ಕೊಟ್ಟುಬಿಡಿ ಎಂದು. ಆ ತಂಗಿ ನಾನು. ನನಗಾಗ ಹದಿನೆಂಟು. ಅಪ್ಪ ಅದಕ್ಕೂ ಹೂಂ ಎಂದು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹನ್ನೊಂದನೇ ದಿನದ ಊಟ ಮುಗಿಸಿ ಎಲ್ಲರೂ ಮುಳಬಾಗಿಲ ಮನೆಯ ಅಂಗಳದಲ್ಲಿ ಆ ಮಾತಿಗೇ ಕೂತಿದ್ದರು. ಭಾವ ನನ್ನ ಕಡೆಗೇ ನೋಡುತ್ತಿದ್ದ. ತಲೆಗೆ ಪಟ್ಟಿ ಕಟ್ಟಿಕೊಂಡ ಸ್ಟೌ ರಿಪೇರಿಯವರು ಕರೆಯದೇ ಒಳಗೆ ಬಂದರು. ಅಪ್ಪ ಅಂಗಡಿಯಲ್ಲೇ ಬಿಟ್ಟುಬಂದಿದ್ದ ಸ್ಟೌವನ್ನು ಚೀಲದಿಂದ ತೆಗೆದು ನಟ್ಟನಡುವೆ ಇಟ್ಟು ಹಚ್ಚಿದರು.

"ಸಿಡಿದ ಸ್ಟೌ ಇದೇ ತಾನೇ? ಎಲ್ಲಾ ನೋಡ್ಕೊಳ್ರಪ್ಪ. ನೋಡ್ಕೊಂಡು ಆಮೇಲೆ ಹೆಣ್ಣು ಕೊಡಿ."

ಸ್ಟೌ ನೀಲಿಯಾಗಿ ಸದ್ದು ಮಾಡುತ್ತ ಉರಿಯತೊಡಗಿತು. ಆಮೇಲೆ ಭಾವ ಒನಕೆ ಎತ್ತಿಕೊಂಡ, ಅವನ ಅಣ್ಣ ಸೌದೆ ಹಿಡಿದು ಬಂದ. ಅವರಿಗೆ ಬೇಕಾಗಿದ್ದದ್ದು ಸ್ಟೌವನ್ನು ಪುಡಿ ಮಾಡುವುದು. ಇವರು ಗಾಳಿಯ ತಿರುಪು ಬಿಚ್ಚಿ ಆರಿಸಿ, ಇನ್ನೂ ಸುಡುತ್ತಿದ್ದ ಸ್ಟೌವನ್ನು ಹೊಟ್ಟೆಗೆ ಅವುಚಿಕೊಂಡು ಬೋರಲು ಬಿದ್ದರು. ಬೆನ್ನ ಮೇಲೆ, ತಲೆಯ ಮೇಲೆ, ಸ್ಟೌ ತಬ್ಬಿದ ಕೈಗಳ ಮೇಲೆ ಏಟು ಬಿದ್ದವು. ಬೆರಳು ಮುರಿದ ಸದ್ದನ್ನು ನಾನು ಕೇಳಿದೆ. ಕೆಳಗಿನಿಂದಲೇ ಅವರು, "ಮಗೂನ ಎತ್ಕೊಂಡು ಹೋಗ್ರೀ!" ಎಂದು ಕೂಗಿದರು.

ಅಪ್ಪ ಕೂತಲ್ಲಿಂದ ಏಳಲಿಲ್ಲ. ನಾನು ಹೋಗಿ ಆ ಅತ್ತೆಯ ಮಡಿಲಿನಿಂದ ಕೂಸನ್ನು ಕಿತ್ತುಕೊಂಡೆ. ಅವಳು ನನ್ನ ಜಡೆ ಹಿಡಿದಳು. ಅವಳ ಕೈಯನ್ನು ರಕ್ತ ಬರುವಂತೆ ಕಚ್ಚಿ, ಬಸ್‌ಸ್ಟ್ಯಾಂಡಿನವರೆಗೂ ಓಡಿದೆ. ನೆಂಟರು ಅಡ್ಡ ಬಂದು ಬಿಡಿಸದಿದ್ದರೆ ಸ್ಟೌ ರಿಪೇರಿಯವರು ಅಲ್ಲೇ ಸಾಯುತ್ತಿದ್ದರು.

ಮುರಿದ ಕೈಯಲ್ಲೇ ಸ್ಟೌ ಹೊತ್ತುಕೊಂಡು ಹೋಗಿ ಅವರೇ ದೂರು ಕೊಟ್ಟರು. ಕೇಸು ವರ್ಷಗಟ್ಟಲೆ ನಡೆಯಿತು. ಕೋರ್ಟಿನಲ್ಲೂ ಹಚ್ಚಿ ತೋರಿಸುತ್ತೇನೆ ಎಂದು ಹಟ ಹಿಡಿದರು, ಯಾರೂ ಬಿಡಲಿಲ್ಲ. ಕೊನೆಗೆ ಸಾಕ್ಷಿ ಸಾಲದೆಂದು ಭಾವ ಬಿಡುಗಡೆಯಾಗಿ ಬೇರೆ ಮದುವೆಯಾದ.

ಅವರ ಬಲಗೈಯ ಮೂರು ಬೆರಳು ಮತ್ತೆ ನೆಟ್ಟಗಾಗಲಿಲ್ಲ, ಬರ್ನರಿನ ತೂತು ಬಿಡಿಸುವ ಪಿನ್ನು ಹಿಡಿಯಲು ಬರುತ್ತಿರಲಿಲ್ಲ. ನಾನು ಹೋಗಿ ಅಂಗಡಿಯಲ್ಲಿ ಕೂತೆ. ಹೆಣ್ಣುಮಗಳು ಬಸ್‌ಸ್ಟ್ಯಾಂಡಿನಲ್ಲಿ ಕೂತು ಸ್ಟೌ ಬಿಚ್ಚುತ್ತಾಳೆಂದು ಊರು ಆಡಿಕೊಂಡಿತು. "ಕಣ್ಣಿಲ್ವೇನೇ, ವಾಷರ್ ಉಲ್ಟಾ ಹಾಕಿದ್ದೀಯಲ್ಲೇ!" ಎಂದು ಅವರಿಂದ ದಿನಾ ಬೈಸಿಕೊಂಡೇ ಕೆಲಸ ಕಲಿತೆ. ಹಿಂದೆ ಬೆಂಕಿ ಆರಿಸುವಾಗ ಕುಡಿದ ಹೊಗೆಯೆಲ್ಲ ಎದೆಯಲ್ಲಿ ಕಟ್ಟಿಕೊಂಡು, ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ಅವರು ತೀರಿಕೊಂಡರು. ಕೊನೆಯ ವಾರದಲ್ಲೂ ಮರಳಿನ ಬಕೆಟ್ ತುಂಬಿದೆಯಾ ಎಂದು ಕೇಳಿದ್ದರು.

ಅವರು ಹೋದ ಮೇಲೆ ಕೋರ್ಟಿನಿಂದ ಸ್ಟೌ ವಾಪಸು ಬಂತು. ಅದನ್ನು ಅಟ್ಟದ ಮೇಲಿಟ್ಟೆ. ಅಕ್ಕನ ಮಗಳಿಗೆ ಹತ್ತು ತುಂಬಿದ್ದಾಗ, ಒಂದು ಸಂಜೆ ಸ್ಕೂಲಿನಿಂದ ಬಂದವಳು ಚೀಲ ಬಿಸಾಡಿ ನನ್ನೆದುರು ನಿಂತಳು.

"ಚಿಕ್ಕಮ್ಮ, ನಮ್ಮಮ್ಮ ಸ್ಟೌ ಸಿಡಿದು ಸತ್ತೋದ್ಲಂತೆ. ಹೌದಾ?"

ನಾನು ಬಾಯಲ್ಲಿ ಹೇಳಲಿಲ್ಲ. ಸ್ಟೌ ಇಳಿಸಿ, ಎಣ್ಣೆ ಹುಯ್ದು, ಪಂಪ್ ಹೊಡೆದೆ. ಕಡ್ಡಿ ಗೀರಿ, ಅವಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡೆ.